ಸಂಘದ ಕಛೇರಿಗೆ ಥಿನ್ ಕ್ಲೈಂಟ್
(ಗುಡವಿಯಲ್ಲಿ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಕಛೇರಿಗೆ ಥಿನ್ ಕ್ಲೈಂಟ್ ತರೋಣವೇ ಎಂದು ಕೇಳುತ್ತಿದ್ದೀರಿ. ಇದೊಂದು ಸಣ್ಣ ಪೆಟ್ಟಿಗೆ. ಲೆಕ್ಕಪತ್ರ ಇರುವುದು ಇದರಲ್ಲಲ್ಲ, ದೂರದ ಸರ್ವರ್‌ನಲ್ಲಿ. ಅಲ್ಲಿನ ಪರದೆಯನ್ನು ಇಲ್ಲಿ ತೋರಿಸುವುದಷ್ಟೇ ಇದರ ಕೆಲಸ. ಹಾಗಾಗಿ ಪೆಟ್ಟಿಗೆ ಕೆಟ್ಟರೂ ನಿಮ್ಮ ಬಟವಾಡೆಯ ಲೆಕ್ಕ ಉಳಿಯುತ್ತದೆ. ಸಾಮಾನ್ಯವಾಗಿ 10-15 ವ್ಯಾಟ್ ವಿದ್ಯುತ್ ಸಾಕು. ಪರದೆಯ ಖರ್ಚು ಬೇರೆ. ಫ್ಯಾನ್ ಇಲ್ಲದ ಮಾದರಿಯನ್ನೇ ಕೇಳಿ, ಪಶು ಆಹಾರದ ಧೂಳನ್ನು ಒಳಗೆಳೆಯುವುದಿಲ್ಲ.

ತೂಕದ ಯಂತ್ರ, ಫ್ಯಾಟ್ ಪರೀಕ್ಷಾ ಯಂತ್ರಗಳನ್ನೂ ಇದಕ್ಕೇ ಜೋಡಿಸಬಹುದಲ್ಲ ಎನ್ನುವವರಿದ್ದಾರೆ. ಜೋಡಿಸಬಹುದು. ಇಂಥ ಯಂತ್ರಗಳಲ್ಲಿ ಹಲವಕ್ಕೆ ಹಳೆಯ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಬೇಕು. ಅಲ್ಲಿ ಬಂದ ಅಂಕಿ ಸರ್ವರ್‌ವರೆಗೂ ತಲುಪಬೇಕು. ಆದರೆ ಮಳೆಗಾಲ ನೆನಪಿರಲಿ. ಗುಡವಿ ಕೆರೆಗೆ ಹಕ್ಕಿ ಬರುವ ಕಾಲವೇ ಮರ ಬಿದ್ದು ಇಂಟರ್ನೆಟ್ ಲೈನು ಹೋಗುವ ಕಾಲ. ಲೈನು ಹೋದರೆ ಥಿನ್ ಕ್ಲೈಂಟ್ ಬರೀ ಡಬ್ಬ. ಕ್ಯಾನು ಹಿಡಿದು ನಿಂತವರಿಗೆ ಏನು ಹೇಳುವುದು? ಹಾಲು ಅಳೆಯುವ ಕಡೆ ತನ್ನಲ್ಲೇ ಲೆಕ್ಕ ಇಟ್ಟುಕೊಂಡು ಚೀಟಿ ಕೊಡುವ ಯಂತ್ರವೇ ಇರಲಿ. ಲೈನು ಬಂದಾಗ ಅಂಕಿ ಕಳಿಸಿದರಾಯಿತು. ಬಟವಾಡೆ ಪಟ್ಟಿ, ಪಶು ಆಹಾರದ ದಾಸ್ತಾನು, ಪತ್ರವ್ಯವಹಾರಕ್ಕೆ ಥಿನ್ ಕ್ಲೈಂಟ್ ಬರಲಿ ಎಂಬುದು ನನ್ನ ಅಭಿಪ್ರಾಯ.

ದರಪಟ್ಟಿ ತರಿಸುವಾಗ ಸರ್ವರ್‌ನ ಪರವಾನಗಿ ಶುಲ್ಕವನ್ನೂ ಬರೆಸಿಕೊಳ್ಳಿ. ಅಗ್ಗದ ಪೆಟ್ಟಿಗೆ ದುಬಾರಿಯಾಗುವುದು ಅಲ್ಲೇ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತೆಂದು ಹಳೆಯ ಗಣಕಯಂತ್ರವನ್ನು ಗುಜರಿಗೆ ಹಾಕಬೇಡಿ. ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿದರೆ ಅದೇ ಥಿನ್ ಕ್ಲೈಂಟ್ ಆಗುತ್ತದೆ. ಹೊಸದು ಕೊಳ್ಳುವ ಮುಂಚೆ ಒಂದು ತಿಂಗಳು ಅದರಲ್ಲೇ ನಡೆಸಿ ನೋಡಿ.