ಮಣ್ಣಿಗೆ ಬಂದವರು



ನಮ್ಮ ಕಡೆ ಯಾರಾದರೂ ತೀರಿಕೊಂಡರೆ ‘ಸಂತಾಪ ಸೂಚಿಸಿ ಬಂದೆ’ ಎಂದು ಯಾರೂ ಹೇಳುವುದಿಲ್ಲ. ‘ಮಣ್ಣಿಗೆ ಹೋಗಿದ್ದೆ’ ಅನ್ನುತ್ತಾರೆ. ಆ ದಿನ ಆಗದಿದ್ದರೆ ‘ಒಂದೀಟು ಮಾತಾಡಿಸಿಕೊಂಡು ಬರಬೇಕು’ ಅನ್ನುತ್ತಾರೆ. ನಾನು ಇವತ್ತು ಮಾತಾಡುವುದು ಈ ಮಣ್ಣಿನ ಬಗ್ಗೆಯೇ. ನಮ್ಮ ಧರ್ಮದವರಲ್ಲದವರ ಮನೆಯಲ್ಲಿ ಸಾವಾದಾಗ ನಾವು ಹೋಗುತ್ತೇವೆಯೇ, ಹೋದರೆ ಅಲ್ಲಿ ಏನು ಮಾಡುತ್ತೇವೆ?

ಯಲಬುರ್ಗಾ ತಾಲ್ಲೂಕಿನ ನಮ್ಮೂರಲ್ಲಿ ಅಪ್ಪ ತೀರಿಕೊಂಡಾಗ ನನಗೆ ಹನ್ನೊಂದು ವರ್ಷ. ಲಿಂಗಾಯತರ ಪದ್ಧತಿಯಂತೆ ಅಪ್ಪನನ್ನು ಕುಣಿಯಲ್ಲಿ ಕೂಡಿಸಿ, ಅಯ್ಯನವರು ವಿಭೂತಿ, ಪತ್ರಿ ಇಟ್ಟು ಕ್ರಿಯೆ ಮುಗಿಸಿದ ಮೇಲೆ ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ಆ ಸಾಲಿನಲ್ಲಿ ಪಿಂಜಾರ ಕಾಕಾ ಇದ್ದ. ಅಪ್ಪನ ಗೆಳೆಯ, ಗಾದಿ ಹೊಲಿಯುವುದು ಅವನ ಕಸುಬು. ಹತ್ತಿ ಹಿಂಜುತ್ತ ಕುಂತವನು ಸುದ್ದಿ ಕೇಳಿದವನೇ ಹಾಗೇ ಎದ್ದು ಬಂದಿದ್ದ. ಮುಂಗೈ ಕೂದಲಿಗೆಲ್ಲ ಅರಳೆಯ ಎಳೆ ಅಂಟಿತ್ತು. ಬಗ್ಗಿ ಮೂರು ಸಲ ಬೊಗಸೆ ತುಂಬ ಮಣ್ಣು ಹಾಕಿದ. ತುಟಿ ಅಲುಗುತ್ತಿದ್ದವು. ಏನು ಓದಿಕೊಂಡನೆಂದು ಯಾರೂ ಕೇಳಲಿಲ್ಲ, ಅಯ್ಯನವರೂ ಕೇಳಲಿಲ್ಲ. ಹೂಳುವ ಪದ್ಧತಿ ಮುಸ್ಲಿಮರಲ್ಲೂ ಇದೆ, ನಮ್ಮಲ್ಲೂ ಇದೆ. ಕುಣಿಯ ದಂಡೆಯಲ್ಲಿ ಹೇಗೆ ನಿಲ್ಲಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಸಂಜೆ ಅವನ ಹೆಂಡತಿ ಬಂದಳು. ತನ್ನ ಮನೆಯ ಅಡಿಗೆಯನ್ನು ನಮ್ಮಜ್ಜಿ ಉಣ್ಣುವುದಿಲ್ಲವೆಂದು ಆಕೆಗೆ ಗೊತ್ತಿತ್ತು. ಜೋಳದ ಹಿಟ್ಟು, ಬೇಳೆ, ಬೆಲ್ಲ ತಂದು ಪಕ್ಕದ ಮನೆಯವರ ಕೈಯಲ್ಲಿ ಕೊಟ್ಟು ರೊಟ್ಟಿ ಮಾಡಿಸಿ, ಅಜ್ಜಿಯ ಮುಂದೆ ಗಂಗಾಳ ಇಡುವವರೆಗೂ ಕಟ್ಟೆಯ ಮೇಲೆ ಕುಂತಿದ್ದಳು. ಅಜ್ಜಿಯ ಆ ಮಡಿಯನ್ನು ನಾನು ಸಮರ್ಥಿಸುವುದಿಲ್ಲ. ಅದು ತಪ್ಪೇ. ಆದರೆ ಆ ತಾಯಿ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹಸಿದ ಮನೆಗೆ ಊಟ ಮುಟ್ಟಬೇಕಿತ್ತು, ಮುಟ್ಟಿಸಿದಳು. ಸಾವಾದ ಮನೆಯವರಿಗೆ ನೆರೆಯವರು ಊಟ ಒದಗಿಸಬೇಕೆಂಬುದು ಪೈಗಂಬರರ ಕಾಲದಿಂದ ಮುಸ್ಲಿಮರಲ್ಲಿ ನಡೆದುಬಂದದ್ದು. ಒಲೆ ಹಚ್ಚದ ಮನೆಗೆ ಬುತ್ತಿ ಒಯ್ಯುವುದು ನಮ್ಮಲ್ಲೂ ಉಂಟು.

ಬೇರೆಯವರ ದುಃಖಕ್ಕೆ ಅಳುವುದನ್ನು ಈ ನಾಡು ಮೊಹರಮ್ಮಿನಲ್ಲಿ ಕಲಿತಿದೆ ಎಂದು ನಾನು ನಂಬಿದ್ದೇನೆ. ಕ್ರಿಸ್ತಶಕ 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಯೂಫ್ರಟಿಸ್ ನದಿ ಹತ್ತಿರವೇ ಇದ್ದರೂ ನೀರು ಸಿಗದೆ ಬಳಲಿ, ಪೈಗಂಬರರ ಮೊಮ್ಮಗ ಹುಸೇನರು ಮತ್ತು ಅವರ ಸಂಗಡಿಗರು ಮಡಿದರು. ಆ ಸಾವಿನ ನೆನಪಿನ ಮೊಹರಮ್ಮಿಗೆ ಕೊಪ್ಪಳ, ರಾಯಚೂರು ಸೀಮೆಯಲ್ಲಿ ಒಂದು ಮುಸ್ಲಿಂ ಮನೆಯೂ ಇಲ್ಲದ ಹಳ್ಳಿಗಳು ಅಲಾಯಿ ದೇವರನ್ನು ಕೂಡಿಸುತ್ತವೆ. ಕುಣಿ ತೋಡಿ ಬೆಂಕಿ ಹಾಕುತ್ತಾರೆ, ಸುತ್ತ ಹೆಜ್ಜೆ ಹಾಕುತ್ತಾರೆ, ಹರಕೆ ಹೊತ್ತವರು ಫಕೀರರಾಗುತ್ತಾರೆ, ಮನೆಮನೆಯಲ್ಲಿ ಚೋಂಗೆ ಮಾಡುತ್ತಾರೆ. ರಾತ್ರಿ ಕರ್ಬಲಾದ ಕಥೆಯ ರಿವಾಯತ್ ಪದ ಹಾಡುವ ಮೇಳದಲ್ಲಿ ಕುರುಬರು, ವಾಲ್ಮೀಕಿಗಳು, ಲಿಂಗಾಯತರು, ದಲಿತರು, ಮುಸ್ಲಿಮರು ಎಲ್ಲರೂ ಇರುತ್ತಾರೆ. ಶಿಶುನಾಳ ಶರೀಫರೂ ರಿವಾಯತ್ ಪದ ಕಟ್ಟಿದವರೇ. 1889ರಲ್ಲಿ ಅವರು ತೀರಿಕೊಂಡಾಗ ಹಿಂದೂ, ಮುಸ್ಲಿಂ ಎರಡೂ ಧರ್ಮದವರು ತಮ್ಮ ತಮ್ಮ ಪದ್ಧತಿಯಂತೆ ಕ್ರಿಯೆ ಮಾಡಿದರು.

ಆ ಪದಗಳಲ್ಲಿ ಕರ್ಬಲಾದ ಮದುಮಗ ಕಾಸಿಮನ ಸಾವು ಬಂದಾಗ ಕೇಳುವ ಹೆಂಗಸರನ್ನು ನೋಡಬೇಕು. ನಮ್ಮ ಹೆಣ್ಣುಮಕ್ಕಳು ಸತ್ತವರ ಗುಣ ಎತ್ತಿ ಹಾಡ್ಯಾಡಿಕೊಂಡು ಅಳುತ್ತಾರಲ್ಲ, ಅದೇ ಧಾಟಿ. ಬಾಸಿಂಗ ಕಟ್ಟಿದ ಹುಡುಗ ರಣಕ್ಕೆ ಹೋದನೆಂದು ಕೇಳಿ, ಹೊಲದಲ್ಲಿ ಹಾವು ಕಚ್ಚಿ ಸತ್ತ ತನ್ನ ಮಗನಿಗೂ ಸೇರಿಸಿ ಅಳುವ ತಾಯಿಯನ್ನು ನಾನು ಕಂಡಿದ್ದೇನೆ. ಹತ್ತನೆಯ ದಿನ ದೇವರು ಹೊಳೆಗೆ ಹೊರಟಾಗ ಬೀದಿಯೆಲ್ಲ ಸಾವಿನ ಮನೆಯಂತೆ ಸುಮ್ಮನಾಗುತ್ತದೆ.

ಕೊಪ್ಪಳಕ್ಕೆ ಸತ್ತವರ ನೆನಪು ಕಾಯುವ ಅಭ್ಯಾಸ ಇನ್ನೂ ಹಳೆಯದು. ಇದು ಜೈನರ ಕೋಪಣ. ಇಲ್ಲಿನ ಪಾಲ್ಕಿಗುಂಡು ಬೆಟ್ಟದ ಮೇಲೆ ವರಾಂಗಚರಿತದ ಕವಿ ಜಟಾಸಿಂಹನಂದಿಯ ಪಾದಗಳನ್ನು ಚಾವಯ್ಯನೆಂಬುವನು ಕೊರೆಯಿಸಿದ್ದಾನೆ. ಜೈನರಲ್ಲಿ ಉಪವಾಸವಿದ್ದು ಸಲ್ಲೇಖನದಿಂದ ದೇಹ ಬಿಟ್ಟವರ ಮನೆಯಲ್ಲಿ ಗೋಳಾಡುವುದು ಸಲ್ಲದು. ಅಲ್ಲಿಗೆ ಹೋದವರು ಆ ಧೈರ್ಯಕ್ಕೆ ಕೈಮುಗಿಯಬೇಕು. ಹೀಗೆ ಒಂದೊಂದು ಮನೆಯ ದುಃಖಕ್ಕೆ ಒಂದೊಂದು ರೀತಿ ಇರುತ್ತದೆ.

ಇಷ್ಟು ಹೇಳುವ ನಾನೇ ತಪ್ಪಿದ್ದೇನೆ. ಗಂಗಾವತಿಯಲ್ಲಿ ಮೇಷ್ಟ್ರಾಗಿದ್ದಾಗ ಸಹೋದ್ಯೋಗಿಯೊಬ್ಬರ ತಾಯಿ ತೀರಿಕೊಂಡರು. ಮಣ್ಣಿಗೆ ಹೋಗಲಿಲ್ಲ. ಮಸೀದಿಯ ಹತ್ತಿರ ಎಲ್ಲಿ ನಿಲ್ಲಬೇಕು, ಏನನ್ನಬೇಕು ತಿಳಿಯದೆ ಹಿಂಜರಿದೆ. ಮೊಬೈಲಿನಲ್ಲಿ ಹೂವಿನ ಚಿತ್ರವಿರುವ ಸಂದೇಶ ಕಳಿಸಿ ಸುಮ್ಮನಾದೆ. ಒಂಬತ್ತನೆಯ ದಿನ ಮನಸ್ಸು ತಡೆಯದೆ ಹೋದೆ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಸೀಮೆ ನಮ್ಮದು. ಅದರಿಂದಲೋ ಏನೋ, ಮುಸ್ಲಿಂ ಮನೆಯೆಂದರೆ ಉರ್ದುವೇ ಎಂಬ ಎಣಿಕೆಯಲ್ಲಿ ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡಿದ್ದೆ. ಬಾಗಿಲಲ್ಲೇ ನಿಂತು ಒಪ್ಪಿಸಿದೆ. ಅವರು ನನ್ನ ಕೈ ಹಿಡಿದು ಒಳಗೆ ಕರೆದರು: ‘ಬರ್ರಿ ಸರ, ಕುಂದರ್ರಿ. ನಮ್ಮವ್ವಗ ಉರ್ದು ಬರ್ತಿದ್ದಿಲ್ರಿ. ಬೈಯಾದೂ ಕನ್ನಡದಾಗ, ಹಾಡಾದೂ ಕನ್ನಡದಾಗ.’

ಆಮೇಲೆ ಒಂದು ತಾಸು ಅವ್ವನ ಸುದ್ದಿಯೇ. ಭತ್ತದ ನಾಟಿಗೆ ಹೋಗಿ ಮಕ್ಕಳನ್ನು ಓದಿಸಿದ್ದು, ನನ್ನ ಡಬ್ಬಿಗೆಂದು ಕಳಿಸುತ್ತಿದ್ದ ಉಪ್ಪಿನಕಾಯಿ. ನಾನು ಕೇಳಿಕೊಂಡು ಕುಂತಿದ್ದೆ. ಸಾವಿನ ಮನೆಯಿಂದ ಏಳುವಾಗ ‘ಹೋಗಿ ಬರ್ತೀನಿ’ ಅನ್ನಬಾರದೆಂದು ನಮ್ಮಲ್ಲಿ ಕಲಿಸಿದ್ದಾರಲ್ಲ, ಹಾಗೇ ಸುಮ್ಮನೆ ಎದ್ದೆ. ಅವರೂ ಸುಮ್ಮನೆ ಬಾಗಿಲವರೆಗೆ ಬಂದರು.

ತಿಳಿದಿರಬೇಕಾದದ್ದು ಇದೆ, ಇಲ್ಲವೆನ್ನುವುದಿಲ್ಲ. ಮುಸ್ಲಿಮರಲ್ಲಿ ಗಂಡ ಸತ್ತ ಹೆಣ್ಣುಮಗಳು ಇದ್ದತ್ ಹಿಡಿದು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರುತ್ತಾಳೆ. ಹೊರಗಿನ ಗಂಡಸರು ‘ಅಕ್ಕನ್ನ ಒಂದು ಸಲ ಮಾತಾಡಿಸ್ತೀವಿ’ ಎಂದು ಹಟ ಹಿಡಿಯಬಾರದು, ನಮ್ಮ ಮನೆಯ ಹೆಣ್ಣುಮಕ್ಕಳು ಒಳಗೆ ಹೋಗಿ ಕೂಡಬಹುದು. ಜೋರಾಗಿ ಅತ್ತರೆ ಅಲ್ಲಿನ ಹಿರಿಯರು ‘ಸಬರ್ ಮಾಡ್ರಿ’ ಅನ್ನುತ್ತಾರೆ, ಅದು ತಾಳ್ಮೆಯ ಮಾತು, ಗದರಿಕೆಯಲ್ಲ. ಮೂರನೆಯ ದಿನದ ಜಿಯಾರತ್ತಿಗೆ ಕರೆ ಬಂದರೆ ಹೋಗಿ. ‘ಮತ್ತೆ ಹುಟ್ಟಿ ಬರಲಿ’ ಎಂಬ ಹಾರೈಕೆ ಅವರ ನಂಬಿಕೆಗೆ ಹೊಂದುವುದಿಲ್ಲ. ಆದರೆ ಇದನ್ನೆಲ್ಲ ಅರಿತ ಮೇಲೆಯೇ ಹೋಗುತ್ತೇನೆಂದು ಕುಂತರೆ ನನ್ನ ಹಾಗೆ ಒಂಬತ್ತು ದಿನ ಕಳೆದುಹೋಗುತ್ತವೆ. ತಿಳಿಯದಿದ್ದರೆ ಪಕ್ಕದಲ್ಲಿ ನಿಂತವರನ್ನು ಕೇಳಿ, ಹೇಳಿಕೊಡುತ್ತಾರೆ. ಇಂದು ನಮ್ಮ ಊರುಗಳಲ್ಲಿ ಬಡಾವಣೆಗಳು ಬೇರೆಬೇರೆಯಾಗಿವೆ, ಸಾವಿನ ಸುದ್ದಿ ಓಣಿಯಿಂದ ಓಣಿಗೆ ದಾಟುವುದೇ ತಡ. ನನ್ನನ್ನು ಹೆಚ್ಚು ಕಾಡುವುದು ಇದೇ.

ಪಿಂಜಾರ ಕಾಕಾ ತೀರಿಕೊಂಡಾಗ ನಾನು ಕುಷ್ಟಗಿಯಲ್ಲಿದ್ದೆ. ಬಸ್ಸು ಹಿಡಿದು ಊರಿಗೆ ಮುಟ್ಟುವಷ್ಟರಲ್ಲಿ ಜನಾಜಾ ಖಬರಸ್ತಾನದ ಹಾದಿ ಹಿಡಿದಿತ್ತು. ಓಡಿ ಸೇರಿಕೊಂಡು ಹೆಗಲು ಕೊಟ್ಟೆ. ನಮಾಜಿನ ಹೊತ್ತಿಗೆ ಚಪ್ಪಲಿ ಬಿಟ್ಟು ಬೇವಿನ ಗಿಡದ ಕೆಳಗೆ ನಿಂತೆ. ಕುಣಿಯ ಹತ್ತಿರ ಹಿರಿಮಗ ತಾನೇ ಜಾಗ ಬಿಟ್ಟು ಕರೆದ: ‘ಅಣ್ಣಾ, ಈ ಕಡೆ ಬಾ, ತಲಿ ದಿಕ್ಕಿಗೆ.’ ಮೂರು ಬೊಗಸೆ ಹಾಕಿದೆ. ಕಪ್ಪು ಎರೆಮಣ್ಣು, ಬೆರಳ ಸಂದಿಗೆಲ್ಲ ಮೆತ್ತಿತು. ಹೊರಗೆ ಬಂದಾಗ ಅವನೇ ಕೊಡದಿಂದ ನನ್ನ ಕೈಗೆ ನೀರು ಹಾಕಿದ.

ಆ ರಾತ್ರಿ ಊರ ಮನೆಯಲ್ಲಿ ಮಲಗಿದೆ, ನನ್ನ ಮದುವೆಗೆ ಕಾಕಾ ಹೊಲಿದುಕೊಟ್ಟಿದ್ದ ಗಾದಿಯ ಮೇಲೆ.