ಸಂತೆಗೆ ಬಂದದ್ದನ್ನೇ ಬರೆಯಿರಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆಂದು ಸಮಿತಿಯವರು ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಲು ಕೇಳಿದ್ದರು. ನಾನೂ ಒಪ್ಪಿಕೊಂಡಿದ್ದೆ. ಆದರೆ ನಿನ್ನೆ ರಾತ್ರಿ ಊರಿಗೆ ಬಂದಾಗ ನಮ್ಮ ಮನೆಯ ಬಾಗಿಲ ಹಿಂದೆ ಅಂಟಿಸಿರುವ ಒಂದು ಹಾಳೆ ಕಣ್ಣಿಗೆ ಬಿತ್ತು. 9ನೇ ತರಗತಿಯಲ್ಲಿ ನಾನು ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದ ಟಮೋಟ ಹಣ್ಣು ಅದು. ಸಮಿತಿಯವರು ಕ್ಷಮಿಸಬೇಕು, ಇವತ್ತು ಆ ಹಾಳೆಯ ಬಗ್ಗೆ ಮಾತನಾಡುತ್ತೇನೆ.

ನಮ್ಮ ಕಾಲದಲ್ಲಿ ಶನಿವಾರದ ಕೊನೆಯ ಪೀರಿಯಡ್ ಡ್ರಾಯಿಂಗ್. ಮೊದಲನೇ ದಿನ ಮೇಷ್ಟ್ರು "ಯಾವುದಾದರೂ ಹಣ್ಣು ಬರೆಯಿರಿ" ಅಂದರು. ತರಗತಿಯ ಮುಕ್ಕಾಲು ಪಾಲು ಮಕ್ಕಳು ಸೇಬು ಬರೆದೆವು. ಎಲ್ಲವೂ ಒಂದೇ ಸೇಬು: ಮೇಲೊಂದು ಕಡ್ಡಿ, ಪಕ್ಕದಲ್ಲಿ ಎರಡು ಎಲೆ, ಒಳಗೆಲ್ಲ ಕೆಂಪು. ಮೇಷ್ಟ್ರು ಹಾಳೆಗಳನ್ನು ಮಗುಚಿ ನೋಡಿ, "ನಿಮ್ಮಲ್ಲಿ ಯಾರ ಹಿತ್ತಿಲಲ್ಲಪ್ಪಾ ಸೇಬಿನ ಮರ ಇರೋದು?" ಎಂದು ಕೇಳಿದರು. ಎಲ್ಲರೂ ನಕ್ಕೆವು. ಅವತ್ತೇ ಅವರು ಒಂದು ಕಟ್ಟಳೆ ಹಾಕಿದರು: ಆ ತಿಂಗಳು ನಮ್ಮ ಸಂತೆಗೆ ಏನು ಬಂದಿದೆಯೋ ಅದನ್ನೇ ಬರೆಯಬೇಕು. ಪುಸ್ತಕ ನೋಡಿ ಬರೆಯುವಂತಿಲ್ಲ, ಹಣ್ಣನ್ನು ಎದುರಿಗಿಟ್ಟುಕೊಂಡೇ ಬರೆಯಬೇಕು.

ಶಾಲೆ ಶುರುವಾಗುವ ಜೂನ್‌ನಲ್ಲಿ ನೇರಳೆ. ನಮ್ಮ ಶಾಲೆಯ ಹಿಂದೆಯೇ ಆಗ ಮರವಿತ್ತು. ನಮ್ಮಲ್ಲಿದ್ದದ್ದು 12 ಗಿಡ್ಡ ಪೆನ್ಸಿಲ್ಲುಗಳ ಡಬ್ಬಿ. ಅದರಲ್ಲಿದ್ದ ನೇರಳೆ ಬಣ್ಣ ಹಚ್ಚಿದರೆ ಹಣ್ಣು ಪ್ಲಾಸ್ಟಿಕ್ ಗೋಲಿಯ ಹಾಗೆ ಕಾಣುತ್ತಿತ್ತು. ಮೇಷ್ಟ್ರು ನಮ್ಮ ಬೆಂಚಿನಲ್ಲೇ ಕುಳಿತು ತೋರಿಸಿದರು: ಮೊದಲು ಗುಲಾಬಿಗೆಂಪು ತೆಳ್ಳಗೆ, ಅದರ ಮೇಲೆ ನೀಲಿ, ಕೊನೆಗೆ ನೇರಳೆ. ಬಣ್ಣದ ಪೆನ್ಸಿಲ್ಲಿನ ಕಡ್ಡಿಯಲ್ಲಿ ಬಣ್ಣದ ಪುಡಿಯ ಜೊತೆ ಮೇಣವಿರುತ್ತದೆ. ಮೊದಲೇ ಒತ್ತಿ ತಿಕ್ಕಿದರೆ ಮೇಣ ಕಾಗದದ ತರಿಯನ್ನು ಮುಚ್ಚಿಬಿಡುತ್ತದೆ, ಆಮೇಲೆ ಇನ್ನೊಂದು ಬಣ್ಣ ಹಿಡಿಯುವುದಿಲ್ಲ. ರಬ್ಬರಿನಿಂದ ಅಳಿಸಿದರೂ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಹಣ್ಣಿನ ಮೇಲೆ ಬೆಳಕು ಬಿದ್ದು ಹೊಳೆಯುವ ಜಾಗವನ್ನು ಮೊದಲೇ ನೋಡಿ ಖಾಲಿ ಬಿಡಬೇಕು. ನೆರಳಿಗೆ ಕಪ್ಪು ಮುಟ್ಟಲು ಬಿಡುತ್ತಿರಲಿಲ್ಲ. ಕೆಂಪು ಹಣ್ಣಿನ ನೆರಳಿಗೆ ಕೆಂಪಿನ ಮೇಲೆ ತೆಳ್ಳಗೆ ಹಸಿರು ಹಾಕಿಸುತ್ತಿದ್ದರು. ಎರಡೂ ಸೇರಿ ಕಂದು ನೆರಳಾಗುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಸೀತಾಫಲ. ಅದರ ಒಂದೊಂದು ಉಬ್ಬಿಗೂ ಗೆರೆ ಎಳೆಯಲು ಹೋಗಿ ನಾನು ಮೀನಿನ ಸಿಪ್ಪೆಯ ಹಾಗೆ ಮಾಡಿದ್ದೆ. ಮೇಷ್ಟ್ರು "ಉಬ್ಬು ಬಿಡು, ಸಂದು ನೋಡು" ಅಂದರು. ನೋಡಿದರೆ, ಕಾಯಿಯ ಸಂದು ಹಸಿರು, ಬಲಿತ ಹಣ್ಣಿನ ಸಂದು ಅಗಲವಾಗಿ ಕೆನೆಬಣ್ಣ. ಸೀತಾಫಲ 'ಕಣ್ಣು ಬಿಟ್ಟಿದೆ' ಎಂದು ನಮ್ಮಜ್ಜಿ ಹೇಳುತ್ತಿದ್ದದ್ದು ಏನೆಂದು ನನಗೆ ಅವತ್ತು ಅರ್ಥವಾಯಿತು. ಚಳಿಗಾಲದಲ್ಲಿ ಅವರೆಕಾಯಿ. ಸೊಗಡಿನ ಜಿಡ್ಡು ಕೈಗೆ ಹತ್ತಿ ಕಾಗದ ಕೊಳೆಯಾಗುತ್ತದೆಂದು ಮೊದಲು ನಲ್ಲಿಯ ಹತ್ತಿರ ಕಳಿಸಿ ಕೈ ತೊಳೆಸುತ್ತಿದ್ದರು. ಆದರೂ ಹಾಳೆಯೆಲ್ಲ ಅವರೆಯ ವಾಸನೆ. ಸಂಕ್ರಾಂತಿಗೆ ಗೆಣಸು, ಎಲಚಿ. ಪರೀಕ್ಷೆ ಹತ್ತಿರ ಬಂದಾಗ ಹುಣಸೆ. ಬದನೆ, ಟಮೋಟ, ಮೆಣಸಿನಕಾಯಿ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ತೊಟ್ಟು ಬರೆಸಿದ್ದರು. ಮೂರೂ ಒಂದೇ ಕುಟುಂಬದ ಗಿಡಗಳೆಂದು ವಿಜ್ಞಾನದ ಮೇಡಂ ಹೇಳುವ ಮೊದಲೇ ನಮ್ಮ ಕೈಗೆ ಅದು ಗೊತ್ತಾಗಿತ್ತು.

ಈಗ ಆ ಟಮೋಟ ಹಣ್ಣಿನ ವಿಷಯ. 2003ರ ಮಾತು. ನಮ್ಮ ಕೋಲಾರ ಸೀಮೆಯಲ್ಲಿ ಟಮೋಟ ಎಂದರೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಪ್ಪ ಆ ಸಲ ಒಂದು ಎಕರೆ ಹಾಕಿದ್ದರು. ಕಾರ್ತಿಕದಲ್ಲಿ ಬೆಲೆ ಬಿತ್ತು. 40 ಬಾಕ್ಸ್ ಮಂಡಿಗೆ ಕೊಂಡುಹೋದವರು, ಬಿಡಿಸಿದ ಕೂಲಿಗೂ ಲಾರಿ ಬಾಡಿಗೆಗೂ ಸಾಲದಷ್ಟು ದುಡ್ಡು ತಂದರು. ಮಾರನೇ ದಿನದಿಂದ ಹಣ್ಣು ಬಿಡಿಸುವುದನ್ನೇ ನಿಲ್ಲಿಸಿದರು. ಮನೆಯಲ್ಲಿ ಯಾರೂ ಮಾತನಾಡುತ್ತಿರಲಿಲ್ಲ.

ಆ ಶನಿವಾರ ಮೇಷ್ಟ್ರು ಟಮೋಟ ತರಲು ಹೇಳಿದ್ದರು. ನಾನು ಬೇಕೆಂದೇ ತೊಟ್ಟಿನ ಹತ್ತಿರ ಸೀಳಿದ ಹಣ್ಣೊಂದನ್ನು ತಂದು, ಹಾಳೆಯ ಮೇಲೆ ಕಪ್ಪು ಪೆನ್ಸಿಲ್ಲಿನಲ್ಲಿ ಗೀಚಿಬಿಟ್ಟೆ. "ಇದಕ್ಕೆ ಬೆಲೆ ಇಲ್ಲ ಸಾರ್, ರಸ್ತೆಗೆ ಸುರೀತಾರೆ. ಇದನ್ನ ಯಾಕೆ ಬರೀಬೇಕು?" ಅಂದೆ. ಏಟು ಬೀಳುತ್ತದೆಂದುಕೊಂಡಿದ್ದೆ. ಅವರು ನನ್ನ ಪಕ್ಕದಲ್ಲಿ ಕುಳಿತು ಹೊಸ ಹಾಳೆ ತೆಗೆದುಕೊಂಡರು. "ನೀನು ಬರೀಬೇಡ ಬಿಡು. ನಾನು ಬರೀತೀನಿ. ಹಣ್ಣು ಚೆನ್ನಾಗಿದೆ" ಅಂದರು. ಸ್ವಲ್ಪ ಹೊತ್ತು ಸುಮ್ಮನೆ ಬರೆದರು. ಸೀಳಿನ ಹತ್ತಿರ ಬಂದಾಗ ಪೆನ್ಸಿಲ್ ನನ್ನ ಕಡೆ ಚಾಚಿದರು. ಉಳಿದದ್ದನ್ನು ನಾನು ಮುಗಿಸಿದೆ.

ಸಂಜೆ ಅದನ್ನು ಅಪ್ಪನಿಗೆ ತೋರಿಸಿದೆ. ನನ್ನ ಓದಿನ ವಿಷಯ ಎಂದೂ ಕೇಳದ ಅಪ್ಪ ಹಾಳೆಯನ್ನು ದೀಪದ ಹತ್ತಿರ ಹಿಡಿದು ನೋಡಿದರು. ಆಮೇಲೆ ಸೀಳಿನ ಮೇಲೆ ಬೆರಳಿಟ್ಟು, "ಇದು ಹುಳುವಿನದಲ್ಲ ಕಣಪ್ಪ. ನೆಲ ಒಣಗಿತ್ತು, ಆಮೇಲೆ ಒಂದೇ ಸಲ ಮಳೆ ಹುಯ್ತಲ್ಲ, ಒಳಗೆ ಹಣ್ಣು ಉಬ್ಬಿತು, ಸಿಪ್ಪೆ ತಡೀಲಿಲ್ಲ" ಅಂದರು. ಮೂರು ದಿನಗಳಲ್ಲಿ ನಮ್ಮ ಮನೆಯಲ್ಲಿ ಆಡಿದ ಮೊದಲ ನಾಲ್ಕು ಮಾತು ಅವು. ಅಪ್ಪನೇ ಅನ್ನದ ಅಗುಳಿನಿಂದ ಆ ಹಾಳೆಯನ್ನು ಬಾಗಿಲ ಹಿಂದೆ ಅಂಟಿಸಿದರು. ಇವತ್ತಿಗೆ ಕೆಂಪು ಮಾಸಿದೆ, ಸೀಳು ಮಾತ್ರ ಸರಿಯಾಗಿ ಕಾಣುತ್ತದೆ. ಅರ್ಧ ಮೇಷ್ಟ್ರದು, ಅರ್ಧ ನನ್ನದು. ಅಪ್ಪ ಅಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ, ಇದನ್ನೆಲ್ಲ ಯಾಕೆ ಹೇಳುತ್ತಿದ್ದಾನೆ ಎಂದು ಅವರಿಗೆ ಕೋಪ ಬಂದಿರಬಹುದು.

ನನ್ನ ಕೆಲಸದಲ್ಲಿ ಪ್ರೋಗ್ರಾಂ ಕೆಟ್ಟಾಗ, 'ಹೀಗೇ ಇರಬೇಕು' ಎಂದು ತಲೆಯಲ್ಲಿ ಅಂದುಕೊಂಡದ್ದನ್ನು ಬಿಟ್ಟು, ಎದುರಿಗೆ ನಿಜವಾಗಿ ಏನಿದೆಯೋ ಅದನ್ನು ಓದಬೇಕು. ಬಹಳ ಸಲ ತಪ್ಪು ಅಲ್ಲೇ ಇರುತ್ತದೆ. ಇದನ್ನು ನನಗೆ ಎಂಜಿನಿಯರಿಂಗ್ ಕಾಲೇಜಿಗಿಂತ ಮೊದಲು ಕಲಿಸಿದ್ದು ಶನಿವಾರದ ಆ ಪೀರಿಯಡ್. ಆದರೂ ನಾನೇ ಅದನ್ನು ಮರೆತಿದ್ದೆ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ವರ್ಷವೆಲ್ಲ ಹೆಚ್ಚುಕಡಿಮೆ ಅದೇ ತರಕಾರಿ, ಅದೇ ಹಣ್ಣು. ಕಾಲ ಯಾವುದೆಂದು ತಿಳಿಯುವುದೇ ಇಲ್ಲ. ಕಳೆದ ವರ್ಷ ನನ್ನ ಮಗಳು ಒಂದು ಚಿತ್ರ ತಂದು ತೋರಿಸಿದಳು. ಕಡ್ಡಿ, ಎರಡು ಎಲೆ, ಒಳಗೆಲ್ಲ ಕೆಂಪು. ಅದೇ ಸೇಬು! ಡಿಸೆಂಬರ್ ಆಗಿತ್ತು. ಅವಳ ಕೈ ಹಿಡಿದುಕೊಂಡು ಹೋಗಿ ಅವರೆಕಾಯಿ ತಂದೆ. ಅವಳು ಮೊದಲು ಬರೆದದ್ದು ಕಾಯಿಯಲ್ಲಿದ್ದ ಹುಳುವಿನ ತೂತನ್ನು. ಅವತ್ತಿನಿಂದ ಶನಿವಾರ ನಾವಿಬ್ಬರೂ ಬರೆಯುತ್ತೇವೆ.

ಆ ವಿಷಯವನ್ನು ಮೇಷ್ಟ್ರಿಗೆ ಹೇಳಬೇಕೆಂದಿದ್ದೆ. ಈ ಯುಗಾದಿಗೆ ಹೋಗೋಣ, ಆ ದೀಪಾವಳಿಗೆ ಹೋಗೋಣ ಎಂದು ಮುಂದೂಡಿದೆ. ಅವರು ಹೋದ ಸುದ್ದಿ ನನಗೆ ಸಿಕ್ಕಿದ್ದು ನಮ್ಮ ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಹೇಳಬೇಕಾದದ್ದು ನನ್ನಲ್ಲೇ ಉಳಿಯಿತು. ಇಲ್ಲಿರುವ ಗೆಳೆಯರಿಗೆ ಒಂದು ಮಾತು: ನಿಮಗೆ ಕಲಿಸಿದ ಗುರುಗಳು ಇವತ್ತು ಈ ಶಾಮಿಯಾನದ ಕೆಳಗೆ ಇದ್ದರೆ, ಊಟಕ್ಕೆ ಏಳುವ ಮೊದಲು ಹೋಗಿ ಮಾತನಾಡಿಸಿ.

ಮೇಷ್ಟ್ರು ನಿವೃತ್ತರಾದ ಮೇಲೆ ಡ್ರಾಯಿಂಗ್ ಪೀರಿಯಡ್ ನಿಂತಿದೆ ಎಂದು ಕೇಳಿದೆ. ಶಾಲೆಯ ಹಿಂದಿನ ನೇರಳೆ ಮರವೂ ಈಗಿಲ್ಲ. ಅದಕ್ಕೆ ನಮ್ಮ ಬ್ಯಾಚಿನವರು ಮಾತಾಡಿಕೊಂಡು ಒಂದು ಸಣ್ಣ ತೀರ್ಮಾನ ಮಾಡಿದ್ದೇವೆ. ಪ್ರತಿ ವರ್ಷ ಶಾಲೆಗೆ ಬೇಕಾದಷ್ಟು ಬಣ್ಣದ ಪೆನ್ಸಿಲ್ಲು, ದಪ್ಪ ಕಾಗದ ನಾವು ಕೊಡುತ್ತೇವೆ. ತಿಂಗಳಿಗೊಂದು ಶನಿವಾರ ನಮ್ಮಲ್ಲೊಬ್ಬರು ಬಂದು ಮಕ್ಕಳ ಜೊತೆ ಕೂರುತ್ತೇವೆ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಹಣ್ಣು ತರಕಾರಿ ಮಾತ್ರ ಊರಿನವರು ಕೊಡಬೇಕು. ಚೆನ್ನಾಗಿರುವುದನ್ನೇ ಆರಿಸಬೇಡಿ, ಸೀಳಿದ್ದು, ಹುಳು ತಿಂದದ್ದು ಆದರೂ ಕೊಡಿ. ಮಕ್ಕಳೇ, ಹಾಳೆಯ ಹಿಂದೆ ತಾರೀಕು ಬರೆಯಿರಿ, ಯಾರ ಹೊಲದ್ದೆಂದು ಬರೆಯಿರಿ. ಸಂಜೆ ಮನೆಯಲ್ಲಿ ಒಮ್ಮೆ ತೋರಿಸಿ. ವರ್ಷದ ಕೊನೆಗೆ ಆ ಹಾಳೆಗಳನ್ನು ಸಾಲಾಗಿ ಗೋಡೆಗೆ ಹಾಕಿದರೆ ನಮ್ಮೂರಿನ ಕ್ಯಾಲೆಂಡರ್ ಆಗುತ್ತದೆ.

ಮುಂದಿನ ಶನಿವಾರ ಮೊದಲನೆಯದು. ನಾನೇ ಬರುತ್ತೇನೆ. ಸಂತೆಗೆ ಏನು ಬಂದಿದೆಯೋ ಅದನ್ನು ತನ್ನಿ.