ಶಾಲೆಯ ಸುದ್ದಿ ಮನೆಗೆ ಮುಟ್ಟಲಿ



ಮಗು ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಶಾಲೆಗೆ ಹೋಗುತ್ತದೆ, ಸಂಜೆ ಮನೆಗೆ ಬರುತ್ತದೆ. ನಡುವಿನ ಆ ಆರೇಳು ತಾಸು ಏನಾಯಿತು, ಮಗು ಏನು ಕಲಿಯಿತು ಎಂಬುದು ಮನೆಯವರಿಗೆ ತಿಳಿಯಬೇಕು. ಅದನ್ನು ತಿಳಿಸುವ ಬಗೆ ಯಾವುದು? ಯಾದಗಿರಿ, ಶಹಾಪುರ, ಸುರಪುರ ಭಾಗದ ಊರುಗಳನ್ನು, ತಾಂಡಾಗಳನ್ನು, ದೊಡ್ಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಈ ವಿಷಯ ಮಾತಾಡುತ್ತೇನೆ.

ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್ ಕೊನೆಯಲ್ಲಿ. ಅದಾದ ಮೇಲೆ ನಡೆದ 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದಲ್ಲೇ ಅತಿ ಕಡಿಮೆ ಸಾಕ್ಷರತೆ ಕಂಡುಬಂದದ್ದು ಈ ಜಿಲ್ಲೆಯಲ್ಲಿ. ರಾಜ್ಯದ ಸರಾಸರಿ ಶೇಕಡಾ 75 ಇದ್ದರೆ, ಇಲ್ಲಿ ಶೇಕಡಾ 52ಕ್ಕಿಂತ ಸ್ವಲ್ಪ ಕಡಿಮೆ. ಹೆಣ್ಣುಮಕ್ಕಳಲ್ಲಂತೂ ಬರೀ ಶೇಕಡಾ 41. ಈ ಅಂಕಿಗಳ ಅರ್ಥ ಇಷ್ಟು: ನಮ್ಮ ಶಾಲೆಗಳಲ್ಲಿ ಕೂತಿರುವ ಎಷ್ಟೋ ಮಕ್ಕಳು ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಅಕ್ಷರ ಹಿಡಿದವರು. ಶಾಲೆಯಿಂದ ಬಂದ ಚೀಟಿಯನ್ನು, ಪ್ರಗತಿಪತ್ರವನ್ನು ಅವರ ಅವ್ವ ಓದಲಾರಳು. ಹೆಬ್ಬೆಟ್ಟು ಒತ್ತಿ ಅಥವಾ ಹೆಸರು ಬರೆದು ವಾಪಸ್ ಕಳಿಸುತ್ತಾಳೆ. ಶಾಲೆಯ ದಾಖಲೆಯಲ್ಲಿ ಪಾಲಕರಿಗೆ ತಿಳಿಸಲಾಗಿದೆ ಎಂದು ಸೇರುತ್ತದೆ. ತಾಯಿಗೆ ಮಾತ್ರ ಏನೂ ತಿಳಿದಿರುವುದಿಲ್ಲ.

ಓದು ಬಾರದ ತಂದೆತಾಯಿಗೆ ಮಗುವಿನ ಓದಿನ ಚಿಂತೆ ಇಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ಸಂತೆಯಲ್ಲಿ ಮಾಸ್ತರರು ಸಿಕ್ಕರೆ ತಂದೆ ನಿಂತು ಕೇಳುವ ಪ್ರಶ್ನೆಗಳನ್ನು ಗಮನಿಸಿ. "ನಮ್ಮ ಹುಡುಗ ಸಾಲಿಗಿ ದಿನಾ ಬರ್ತಾನೇನ್ರಿ ಸರ?" "ಮಧ್ಯಾಹ್ನ ಉಣ್ತಾನೇನ್ರಿ?" "ಯಾರರ ಹೊಡೀತಾರೇನ್ರಿ?" "ಹೆಂಗ ಓದ್ತಾನ್ರಿ?" ಹಾಜರಿ, ಊಟ, ಸುರಕ್ಷತೆ, ಕಲಿಕೆ, ಈ ನಾಲ್ಕೂ ಆ ಪ್ರಶ್ನೆಗಳಲ್ಲಿವೆ. ಶಾಲೆಯೊಂದು ಮನೆಯವರಿಗೆ ಹೇಳಬೇಕಾದ್ದು ಮುಖ್ಯವಾಗಿ ಇವನ್ನೇ. ಕೇಳುವವರು ಕೇಳುತ್ತಲೇ ಇದ್ದಾರೆ. ಅವರಿಗೆ ದಕ್ಕುವ ಹಾಗೆ ಉತ್ತರ ಹೇಳುವ ಹೊಣೆ ಶಾಲೆಯದು.

ಈ ಹೊಣೆಯನ್ನು ಕಾನೂನೇ ಹೊರಿಸಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮು ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ಪಾಲಕರ ಸಭೆಯನ್ನು ನಿಯಮಿತವಾಗಿ ನಡೆಸಿ, ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆದ ಪ್ರಗತಿ ಇವನ್ನು ತಿಳಿಸಬೇಕು ಎಂಬುದು ಅವುಗಳಲ್ಲೊಂದು. ಅದೇ ಕಾಯ್ದೆಯ 21ನೇ ಕಲಮಿನ ಪ್ರಕಾರ ಶಾಲೆಯ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ತಂದೆತಾಯಿ ಅಥವಾ ಪೋಷಕರೇ ಆಗಿರಬೇಕು, ಅರ್ಧದಷ್ಟು ಸದಸ್ಯರು ಹೆಣ್ಣುಮಕ್ಕಳಾಗಿರಬೇಕು. ಕರ್ನಾಟಕ ಈ ದಾರಿಯನ್ನು ಅದಕ್ಕೂ ಮೊದಲೇ ಹಿಡಿದಿತ್ತು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ನಾವೆಲ್ಲ ಎಸ್‌ಡಿಎಂಸಿ ಎಂದು ಕರೆಯುವ ಸಮಿತಿ, 2001ರಲ್ಲೇ ಹುಟ್ಟಿತು. ಮುಂದೆ ಸಮುದಾಯದತ್ತ ಶಾಲೆ ಎಂಬ ಕಾರ್ಯಕ್ರಮವೂ ಬಂತು. ಪಾಲಕರನ್ನು ಕರೆದು ಮಕ್ಕಳ ಕಲಿಕೆಯನ್ನು ಅವರ ಮುಂದಿಡುವುದೇ ಅದರ ಉದ್ದೇಶ.

ಶಾಲೆಗೂ ಮನೆಗೂ ನಡುವಿನ ದೂರಕ್ಕೆ ನಮ್ಮ ಭಾಗದಲ್ಲಿ ಹಳೆಯ ಕಾರಣವೂ ಇದೆ. 1948ರವರೆಗೆ ಇದು ನಿಜಾಮರ ಹೈದರಾಬಾದ್ ಸಂಸ್ಥಾನದ ನೆಲ. ಆಗ ಆಡಳಿತದ ಭಾಷೆ ಉರ್ದು, ಮೇಲಿನ ತರಗತಿಗಳ ಪಾಠವೂ ಉರ್ದುವಿನಲ್ಲಿ. ಕನ್ನಡ ಮಾತಾಡುವ ರೈತನಿಗೆ ಶಾಲೆ ಎಂದರೆ ಸರ್ಕಾರದ ಕಚೇರಿಯಂತೆ ಕಂಡದ್ದು ಸಹಜ. ಇವತ್ತು ಆ ತೊಡಕು ಬೇರೆ ರೂಪದಲ್ಲಿದೆ. ಬಂಜಾರರ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಗುರುಮಠಕಲ್ ಕಡೆಗೆ ಹೋದಂತೆ ತೆಲುಗು ಕೇಳಿಸುತ್ತದೆ. ಊರೂರಿನಲ್ಲೂ ಉರ್ದು ಮಾತಾಡುವ ಮನೆಗಳಿವೆ. ಸಭೆಯಲ್ಲಿ ಗ್ರಂಥಸ್ಥ ಕನ್ನಡದಲ್ಲಿ ಭಾಷಣ ನಡೆದರೆ ಹಿಂದೆ ಕೂತ ತಾಯಂದಿರು ತಲೆಯಾಡಿಸಿ ಎದ್ದು ಹೋಗುತ್ತಾರೆ.

ಹಾಗಾದರೆ ತಿಳಿಸುವುದು ಹೇಗೆ? ನನ್ನ ಉತ್ತರ ಸರಳವಾದದ್ದು. ಮಗುವಿನ ಕಲಿಕೆಯನ್ನು ಮಗುವಿನಿಂದಲೇ ತೋರಿಸಬೇಕು. ಅದನ್ನು ತಾಯಿ ತನ್ನ ಕಣ್ಣಿನಿಂದ ನೋಡಬೇಕು, ಕಿವಿಯಿಂದ ಕೇಳಬೇಕು.

ಈಗಿನ ಮೌಲ್ಯಮಾಪನದಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಪರೀಕ್ಷೆಗಳಿವೆ. ಫಲಿತಾಂಶ ಎ, ಬಿ, ಸಿ ಎಂಬ ಶ್ರೇಣಿಯಲ್ಲಿ ಬರುತ್ತದೆ. "ನಿಮ್ಮ ಮಗಳಿಗೆ ಬಿ ಪ್ಲಸ್ ಬಂದಿದೆ" ಎಂದರೆ ಅವ್ವನಿಗೆ ಏನು ತಿಳಿದೀತು? ಅದರ ಬದಲು ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಪುಸ್ತಕದ ಒಂದು ಪುಟ ಅವಳ ಕೈಗೆ ಕೊಟ್ಟು ಓದಿಸಿ. ತಡವರಿಸದೆ ಓದಿದಳೋ, ಅಕ್ಷರ ಕೂಡಿಸಿ ಕೂಡಿಸಿ ಓದಿದಳೋ, ಒತ್ತಕ್ಷರ ಬಂದಲ್ಲಿ ನಿಂತಳೋ, ಅವ್ವನಿಗೆ ಆಗಲೇ ಗೊತ್ತಾಗುತ್ತದೆ. ಎರಡು ಕಿಲೋ ತೊಗರಿಬೇಳೆಗೆ ಎಷ್ಟಾಯಿತು, ಐನೂರು ಕೊಟ್ಟರೆ ಎಷ್ಟು ವಾಪಸ್ ಬರಬೇಕು ಎಂದು ಮಗನನ್ನು ಕೇಳಿ. ವ್ಯವಹಾರದ ಲೆಕ್ಕದಲ್ಲಿ ಪಳಗಿದ ಅಪ್ಪನಿಗೆ ಮಗನ ಗಣಿತ ಎಲ್ಲಿದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಬೇಕಾದ ಸಾಧನಗಳು ನಮ್ಮ ಶಾಲೆಗಳಲ್ಲಿ ಈಗಾಗಲೇ ಇವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ ಮುಂದೆ ರಾಜ್ಯವೆಲ್ಲ ಹರಡಿದ ನಲಿ ಕಲಿ ಪದ್ಧತಿಯ ತರಗತಿಗೆ ಹೋಗಿ ನೋಡಿ. ಗೋಡೆಯ ಮೇಲೆ ಕಲಿಕೆಯ ಏಣಿ ಇರುತ್ತದೆ, ಮಗು ಯಾವ ಮೆಟ್ಟಿಲಲ್ಲಿದೆ ಎಂದು ತೋರಿಸಬಹುದು. ತಲೆಯ ಮೇಲೆ ಚಪ್ಪರದ ದಾರಗಳಲ್ಲಿ ಮಕ್ಕಳ ಚಿತ್ರ, ಬರಹ ತೂಗಾಡುತ್ತಿರುತ್ತವೆ. ತಾಯಿಯನ್ನು ಒಳಗೆ ಕರೆದು ಇದು ನಿನ್ನ ಮಗಳು ಬರೆದದ್ದು ಎಂದರೆ ಅದೇ ಒಂದು ವರದಿ. ಅನೇಕ ಸರ್ಕಾರಿ ಶಾಲೆಗಳಲ್ಲಿ ಮೆಟ್ರಿಕ್ ಮೇಳ ನಡೆಯುತ್ತದೆ. ಮಕ್ಕಳೇ ತರಕಾರಿ, ಕಾಳುಕಡಿ, ಮಂಡಾಳ ಮಾರಾಟಕ್ಕಿಟ್ಟು ತೂಕ ಮಾಡಿ ಕೊಡುತ್ತಾರೆ, ಕೊಳ್ಳುವವರು ಊರಿನವರು. ಅಲ್ಲಿ ಕಿಲೋ, ಲೀಟರು, ಲಾಭ, ನಷ್ಟ ಎಲ್ಲ ಪಾಲಕರ ಎದುರಿಗೇ ನಡೆಯುವ ಪಾಠ. ಸುರಪುರ ತಾಲ್ಲೂಕಿನಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಸರ್ಕಾರಿ ಶಾಲೆಗಳ ಜೊತೆ ಮಕ್ಕಳಸ್ನೇಹಿ ಶಾಲೆಯ ಕೆಲಸವನ್ನು ವರ್ಷಗಟ್ಟಲೆ ನಡೆಸಿತು. ಅಂಥ ಕೆಲಸದ ಮುಂದುವರಿಕೆ ಆಯಾ ಶಾಲೆಯ ಶಿಕ್ಷಕರ ಮತ್ತು ಪಾಲಕರ ಕೈಯಲ್ಲಿದೆ.

ಇನ್ನು ಸಮಯದ ವಿಷಯ. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಪಾಲಕರ ಸಭೆ ಕರೆದರೆ ಯಾರು ಬಂದಾರು? ಬಂದವರಿಗೆ ಒಂದು ದಿನದ ಕೂಲಿ ಹೋಗುತ್ತದೆ. ಸಂಜೆ ಹೊಲದಿಂದ ಬಂದ ಮೇಲೆ ಓಣಿಯ ಕಟ್ಟೆಗೋ ಗುಡಿಯ ಮುಂದಕ್ಕೋ ತಾಂಡಾದ ಬಯಲಿಗೋ ಶಾಲೆಯೇ ಹೋಗಬೇಕು. ಕೊರೊನಾ ಕಾಲದಲ್ಲಿ, 2020ರ ವಿದ್ಯಾಗಮ ಕಾರ್ಯಕ್ರಮದಲ್ಲಿ, ನಮ್ಮ ಶಿಕ್ಷಕರು ಮಕ್ಕಳಿರುವಲ್ಲಿಗೇ ಹೋಗಿ, ಗಿಡದ ನೆರಳಲ್ಲಿ, ಗುಡಿಯ ಪಡಸಾಲೆಯಲ್ಲಿ ಪಾಠ ಮಾಡಿದರು. ಆಗ ಎಷ್ಟೋ ತಾಯಂದಿರು ಮಾಸ್ತರರು ಕಲಿಸುವುದನ್ನು ಮೊದಲ ಸಲ ಕಣ್ಣಾರೆ ನೋಡಿದರು. ಆ ಅಭ್ಯಾಸವನ್ನು ತಿಂಗಳಿಗೊಂದು ಸಂಜೆಯಾದರೂ ಉಳಿಸಿಕೊಳ್ಳಬಹುದು.

ನಮ್ಮ ಭಾಗದ ದೊಡ್ಡ ಕಷ್ಟ ಗುಳೆ. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಕಡೆ ಕಟ್ಟಡದ ಕೆಲಸಕ್ಕೆ ಸಂಸಾರ ಸಮೇತ ಹೋಗುವ ಮನೆಗಳು ಬಹಳ. ಕೆಲವರು ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಾರೆ. ಆಗ ಶಾಲೆಯ ಸುದ್ದಿ ಅಜ್ಜಿಗೂ ಮುಟ್ಟಬೇಕು, ದೂರದಲ್ಲಿರುವ ತಂದೆತಾಯಿಗೂ ಮುಟ್ಟಬೇಕು. ಮೊಬೈಲ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಆದರೆ ವಾಟ್ಸಾಪ್‌ನಲ್ಲಿ ಉದ್ದದ ಬರಹ ಹಾಕಿದರೆ ಓದು ಬಾರದವರಿಗೆ ಉಪಯೋಗವಿಲ್ಲ. ಮಗು ಓದಿದ ನಾಲ್ಕು ಸಾಲನ್ನು ಧ್ವನಿಮುದ್ರಿಸಿ ಕಳಿಸಿ. ಕಟ್ಟಡದ ಶೆಡ್ಡಿನಲ್ಲಿ ಕೂತ ತಾಯಿ ಅದನ್ನು ಹತ್ತು ಸಲ ಕೇಳುತ್ತಾಳೆ. ಸಂಕ್ರಾಂತಿಗೆ ಮೈಲಾಪುರ ಮಲ್ಲಯ್ಯನ ಜಾತ್ರೆ ಇದೆ, ತಿಂಥಣಿ ಮೌನೇಶ್ವರನ ಜಾತ್ರೆ ಇದೆ, ಊರೂರಿನ ಮೊಹರಂ ಇದೆ. ದುಡಿಯಲು ಹೋದವರು ಊರಿಗೆ ಬರುವುದು ಇಂಥ ಹೊತ್ತಿನಲ್ಲಿ. ಜಾತ್ರೆಯ ಮರುದಿನ ಪಾಲಕರ ಸಭೆ ಇಟ್ಟುಕೊಂಡರೆ ವರ್ಷದಲ್ಲಿ ಒಮ್ಮೆಯೂ ಸಿಗದವರು ಸಿಗುತ್ತಾರೆ.

ಗುಳೆ ಹೋಗುವವರಿಗೆ ಶಾಲೆ ತಪ್ಪದೆ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಮಗುವನ್ನು ಜೊತೆಗೆ ಕರೆದುಕೊಂಡು ಹೋದರೆ ಹೋದ ಊರಿನ ಸರ್ಕಾರಿ ಶಾಲೆಗೆ ಸೇರಿಸುವ ಹಕ್ಕು ನಿಮಗಿದೆ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನ ಪ್ರಕಾರ ಇಲ್ಲಿಯ ಮುಖ್ಯಗುರುಗಳು ವರ್ಗಾವಣೆ ಪತ್ರವನ್ನು ತಡಮಾಡದೆ ಕೊಡಬೇಕು. ಆ ಪತ್ರ ಕೈಗೆ ಬರುವುದು ತಡವಾಯಿತು ಎಂಬ ಕಾರಣಕ್ಕೆ ಅಲ್ಲಿಯ ಶಾಲೆ ಪ್ರವೇಶವನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ನಡುವೆ ಓದು ಬಿಟ್ಟ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ಹಿಂದುಳಿದದ್ದನ್ನು ಕಲಿಸಿಕೊಡಬೇಕು ಎಂದು 4ನೇ ಕಲಮು ಹೇಳುತ್ತದೆ. ಈ ಮಾತುಗಳನ್ನು ಊರು ಬಿಡುವ ಮೊದಲೇ ಪ್ರತಿ ಮನೆಗೂ ಮುಟ್ಟಿಸಿದರೆ ಎಷ್ಟೋ ಮಕ್ಕಳ ಓದು ಉಳಿಯುತ್ತದೆ.

ಬರೀ ಸಭೆ ಕರೆದು ಮಾಹಿತಿ ಒಪ್ಪಿಸಿದರೆ ಸಾಕೇ? ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಅಭಿಜಿತ್ ಬ್ಯಾನರ್ಜಿ, ರುಕ್ಮಿಣಿ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮೊದಲಾದವರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಹಳ್ಳಿಗಳಲ್ಲಿ ಸಭೆ ಸೇರಿಸಿ ಶಾಲಾ ಸಮಿತಿಯ ಅಧಿಕಾರಗಳನ್ನು ವಿವರಿಸಿದರು. ಮಕ್ಕಳಿಗೆ ಓದು ಎಷ್ಟು ಬರುತ್ತದೆಂದು ಊರಿನವರೇ ಪರೀಕ್ಷಿಸುವುದನ್ನೂ ಕಲಿಸಿದರು. ಅಷ್ಟರಿಂದ ಶಾಲೆಯಲ್ಲಿ ಬದಲಾವಣೆ ಕಾಣಲಿಲ್ಲ. ಆದರೆ ಊರಿನ ಯುವಕ ಯುವತಿಯರಿಗೆ ಓದು ಕಲಿಸುವ ತರಬೇತಿ ಕೊಟ್ಟಲ್ಲಿ, ಅವರು ನಡೆಸಿದ ಶಿಬಿರಕ್ಕೆ ಬಂದ ಮಕ್ಕಳು ಓದಲು ಕಲಿತರು. ಪಾಕಿಸ್ತಾನದ ಪಂಜಾಬಿನಲ್ಲಿ 112 ಹಳ್ಳಿಗಳಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ, ಮಗುವಿನ ಅಂಕ ಮತ್ತು ಊರಿನ ಶಾಲೆಗಳ ಅಂಕ ಎರಡನ್ನೂ ಪಾಲಕರ ಮುಂದಿಟ್ಟಾಗ ಮಕ್ಕಳ ಕಲಿಕೆ ಸುಧಾರಿಸಿತು. ಇವೆರಡರಿಂದ ನಾನು ಕಲಿತದ್ದು ಇಷ್ಟು: ಮಾಹಿತಿ ತನ್ನ ಮಗುವಿಗೆ ಸಂಬಂಧಿಸಿರಬೇಕು, ಮತ್ತು ಕೇಳಿದ ಮೇಲೆ ಮನೆಯವರು ಮಾಡಬಹುದಾದ ಕೆಲಸವೊಂದು ಅದರ ಜೊತೆಗಿರಬೇಕು. ನಿಮ್ಮ ಮಗ ಓದಿನಲ್ಲಿ ಹಿಂದಿದ್ದಾನೆ ಎಂದಷ್ಟೇ ಹೇಳಿ ಕಳಿಸಿದರೆ ಅಪ್ಪ ಮನೆಗೆ ಹೋಗಿ ಹೊಡೆದಾನು. ದಿನಾ ರಾತ್ರಿ ಊಟದ ಮೊದಲು ಒಂದು ಪುಟ ಗಟ್ಟಿಯಾಗಿ ಓದಿಸಿರಿ, ನಿಮಗೆ ಓದು ಬರದಿದ್ದರೂ ಕೂತು ಕೇಳಿರಿ ಎಂದು ಹೇಳಿ. ಅದು ಯಾವ ಅವ್ವನ ಕೈಲೂ ಆಗುವ ಕೆಲಸ.

ಶಿಕ್ಷಕ ಮಿತ್ರರಿಗೆ ಎರಡು ಮಾತು. ಮಗುವಿನ ಕೊರತೆಯನ್ನು ಹತ್ತು ಜನರ ಮುಂದೆ ಆಡಬೇಡಿ. ಕೂಲಿಗೆ ಹೋಗುವವರ ಮಕ್ಕಳು, ದಲಿತ ಕೇರಿಯ ಮಕ್ಕಳು, ತಾಂಡಾದ ಮಕ್ಕಳು ಹಾಗೆ ಒಮ್ಮೆ ಅವಮಾನಗೊಂಡರೆ ಅವರ ತಂದೆತಾಯಿ ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ. ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಮೊದಲು ಮಗುವಿಗೆ ಬರುವುದನ್ನು ಹೇಳಿ, ಆಮೇಲೆ ಬರಬೇಕಾದ್ದನ್ನು ಹೇಳಿ. ಎರಡನೆಯದು, ಅವರಿಂದಲೂ ಕೇಳಿ ತಿಳಿದುಕೊಳ್ಳಿ. ಮಗು ತರಗತಿಯಲ್ಲಿ ತೂಕಡಿಸುವುದೇಕೆ, ಸೋಮವಾರ ತಪ್ಪಿಸುವುದೇಕೆ, ಬೋರ್ಡು ನೋಡಲು ಕಣ್ಣು ಕಿರಿದು ಮಾಡುವುದೇಕೆ ಎಂಬುದಕ್ಕೆ ಉತ್ತರ ಮನೆಯಲ್ಲಿದೆ. ಮನೆಯ ಸುದ್ದಿ ಶಾಲೆಗೆ ಬಾರದೆ ಶಾಲೆಯ ಸುದ್ದಿ ಮನೆಗೆ ಸರಿಯಾಗಿ ಹೋಗುವುದಿಲ್ಲ.

ಊಟದ ವಿಷಯವೂ ಮನೆಗೆ ಮುಟ್ಟಬೇಕಾದ ಸುದ್ದಿಯೇ. ಶಾಲೆಯ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದದ್ದು ನಮ್ಮ ಈಶಾನ್ಯ ಜಿಲ್ಲೆಗಳಲ್ಲಿ. 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಕೊಡತೊಡಗಿದಾಗಲೂ ಯಾದಗಿರಿ ಮೊದಲ ಸಾಲಿನಲ್ಲಿತ್ತು. ತಾಯಂದಿರು ಸರದಿಯಂತೆ ಬಂದು ಅಡುಗೆ ನೋಡಿ, ರುಚಿ ನೋಡಿ ಹೋಗಲಿ. ಮಗುವಿನ ತೂಕ, ಎತ್ತರ ಎಷ್ಟಾಯಿತು ಎಂದು ಕೇಳಲಿ.

ಕೊನೆಯಲ್ಲಿ ತಂದೆತಾಯಿಗಳಿಗೆ ನನ್ನ ಬಿನ್ನಹ. ನಮಗೇನು ತಿಳಿಯುತ್ತದೆ ಎಂದು ಶಾಲೆಯಿಂದ ದೂರ ನಿಲ್ಲಬೇಡಿ. ತಿಂಗಳಿಗೊಮ್ಮೆ ಹೋಗಿ ಮೂರು ಪ್ರಶ್ನೆ ಕೇಳಿ: ಈ ತಿಂಗಳು ನಮ್ಮ ಮಗು ಎಷ್ಟು ದಿನ ಬಂದಿದೆ? ಈಗ ಏನು ಓದಲು, ಏನು ಲೆಕ್ಕ ಮಾಡಲು ಬರುತ್ತದೆ, ನಮ್ಮ ಮುಂದೆ ಮಾಡಿಸಿ ತೋರಿಸುತ್ತೀರಾ? ಮನೆಯಲ್ಲಿ ನಾವೇನು ಮಾಡಬೇಕು? ಈ ಮೂರಕ್ಕೂ ಉತ್ತರ ಪಡೆಯುವುದು ನಿಮ್ಮ ಹಕ್ಕು. ಹೆಬ್ಬೆಟ್ಟು ಒತ್ತುವ ಮೊದಲು ಆ ಹಾಳೆಯಲ್ಲಿ ಏನಿದೆ ಎಂದು ಓದಿಸಿಕೊಳ್ಳಿ. ಶಾಲೆ ನಿಮ್ಮೂರಿನದು, ಅಲ್ಲಿ ಕೂತು ಕಲಿಯುತ್ತಿರುವ ಮಗು ನಿಮ್ಮದು. ನಾಳೆಯೇ ಹೋಗಿ ಕೇಳಿ.